ಸಾಲು ಬೆಳೆಗೆ ಟ್ರ್ಯಾಕ್ಟರಿನ ಹಿಂದಿನ ಚಕ್ರದ ಅಂತರ ಹೊಂದಿಸುವುದು ಹೇಗೆ?

ಮಂಡ್ಯ ಕಡೆ ಟ್ರ್ಯಾಕ್ಟರ್ ಮನೆಗೆ ಬಂದ ದಿನ ಹಿಂದಿನ ಚಕ್ರಗಳು ಎಷ್ಟು ಅಗಲಕ್ಕೆ ಇದ್ದವೋ, ಮಾರುವ ದಿನವೂ ಸಾಮಾನ್ಯವಾಗಿ ಅಷ್ಟಕ್ಕೇ ಇರುತ್ತವೆ. ಗದ್ದೆ ಕೆಸರು ಮಾಡುವುದೂ ಅದೇ ಅಗಲದಲ್ಲಿ, ಕಬ್ಬಿಗೆ ಸಾಲು ಬಿಡುವುದೂ ಅದೇ ಅಗಲದಲ್ಲಿ, ಮುಸುಕಿನ ಜೋಳ ಬಿತ್ತುವುದೂ ಅದೇ ಅಗಲದಲ್ಲಿ. ರಿಮ್ಮು ಬೇರೆ, ನಡುವಿನ ಡಿಸ್ಕು ಬೇರೆ ಮಾಡಿ ಬೋಲ್ಟಿನಲ್ಲಿ ಸೇರಿಸಿರುವುದೇ ಬೇಕಾದಾಗ ಬಿಚ್ಚಿ ಅಗಲ ಬದಲಿಸಲಿ ಅಂತ. ಆದರೆ ಡ್ರೈವರಿಗೆ ಹೇಳಿ ನೋಡಿ: "ಅರ್ಧ ದಿನ ಹೋಯ್ತದೆ ಕಣಣ್ಣ, ಸುಮ್ನೆ ಬಿಡಿ" ಅನ್ನುತ್ತಾನೆ.

ಅರ್ಧ ದಿನ ಹೋಗುವುದು ನಿಜ. ಆದರೆ ಬಿಟ್ಟರೆ ಏನಾಗುತ್ತದೆ ಅನ್ನುವುದು ಬಿತ್ತಿದ ದಿನ ಗೊತ್ತಾಗುವುದಿಲ್ಲ. ತಿಂಗಳು ಕಳೆದು ಎಡೆ ಹೊಡೆಯಲು, ಮಣ್ಣು ಏರಿಸಲು ಹೊಲಕ್ಕೆ ಇಳಿದಾಗ ಗೊತ್ತಾಗುತ್ತದೆ. ಒಂದು ಚಕ್ರ ಸಾಲಿನ ನಡುವೆ ನೆಟ್ಟಗೆ ಹೋದರೆ ಇನ್ನೊಂದು ಗಿಡದ ಮೇಲೇ ಹೋಗುತ್ತದೆ. ಬಿತ್ತಿದ ಜಾಗದ ಮಣ್ಣು ಚಕ್ರದ ಕೆಳಗೆ ಗಟ್ಟಿಯಾಗಿ, ಆ ಸಾಲು ಮಾತ್ರ ಹಿಂದೆ ಬೀಳುವುದೂ ಉಂಟು. ಆಮೇಲೆ ಕೂಲಿಯಾಳು ಹುಡುಕಬೇಕು. ಹಾಗಾಗಿ ಅರ್ಧ ದಿನದ ಕೆಲಸ ಬಿತ್ತನೆಗೆ ಮುಂಚೆಯೇ ಮುಗಿಯಲಿ.

ಮೊದಲು ಸಾಲು, ಆಮೇಲೆ ಚಕ್ರ

ಸ್ಪ್ಯಾನರ್ ಹಿಡಿಯುವ ಮುಂಚೆ ಪೆನ್ನು ಹಿಡಿಯಿರಿ. ಈ ಹಂಗಾಮಿನಲ್ಲಿ ಯಾವ ಬೆಳೆ, ಸಾಲಿನಿಂದ ಸಾಲಿಗೆ ಎಷ್ಟು, ಯಾವ ಯಂತ್ರದಲ್ಲಿ ಎಷ್ಟು ಸಾಲು ಒಟ್ಟಿಗೆ ಬಿತ್ತುತ್ತೀರಿ. ಈ ಮೂರು ಬರೆದುಕೊಂಡರೆ ಚಕ್ರದ ಅಂತರ ತಾನಾಗಿ ಬರುತ್ತದೆ.

ಚಕ್ರದ ಅಂತರ ಅಂದರೆ ಎಡ ಟೈರಿನ ನಡುಮಧ್ಯದಿಂದ ಬಲ ಟೈರಿನ ನಡುಮಧ್ಯಕ್ಕೆ ಇರುವ ದೂರ. ಎರಡೂ ಚಕ್ರ ಸಾಲುಗಳ ನಡುವಿನ ಖಾಲಿ ಜಾಗದಲ್ಲೇ ಓಡಬೇಕಾದರೆ ಈ ದೂರ ಸಾಲಿನ ಅಂತರದ ಎರಡರಷ್ಟೋ ಮೂರರಷ್ಟೋ ಸರಿಯಾಗಿ ಇರಬೇಕು. ಎರಡೂವರೆಯಷ್ಟು ಇದ್ದರೆ ಕೆಲಸ ಕೆಟ್ಟಿತು.

ನಮ್ಮ ಬೆಳೆಗಳನ್ನೇ ತೆಗೆದುಕೊಳ್ಳಿ. ಮುಸುಕಿನ ಜೋಳಕ್ಕೆ ಸಾಲಿನ ನಡುವೆ 60 ಸೆಂಟಿಮೀಟರ್, ಅಂದರೆ 2 ಅಡಿ. ಎರಡರಷ್ಟು ಅಂದರೆ 120 ಸೆಂಟಿಮೀಟರ್, ಮೂರರಷ್ಟು ಅಂದರೆ 180. ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್ ಸಾಲಿಗೆ ಮೂರರಷ್ಟು 135. ಮೂರು ಅಡಿ ಸಾಲಿಗೆ 180. ಎರಡೂವರೆ ಅಡಿ ಸಾಲಿಗೆ 150. ಕಬ್ಬಿಗೆ 4 ಅಡಿ, 5 ಅಡಿ ಸಾಲು ಬಿಟ್ಟಾಗ ಲೆಕ್ಕ ಬೇರೆ, ಅದನ್ನು ಕೆಳಗೆ ಹೇಳುತ್ತೇನೆ. ರಾಗಿಯ ಒಂದಡಿ ಸಾಲಿಗೆ ಈ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಟೈರೇ ಒಂದಡಿಗಿಂತ ಅಗಲ. ಅಲ್ಲಿ ಚಕ್ರ ಓಡುವ ಎರಡು ಜಾಗದಲ್ಲಿ ಮಾತ್ರ ಅಂತರ ಜಾಸ್ತಿ ಬಿಡಬೇಕು, ಇಲ್ಲವೇ ಎಡೆ ಹೊಡೆಯುವ ಕೆಲಸಕ್ಕೆ ಎತ್ತನ್ನೋ ಸಣ್ಣ ಯಂತ್ರವನ್ನೋ ನೆಚ್ಚಿಕೊಳ್ಳಬೇಕು.

ಈಗ ಎರಡರಷ್ಟೋ ಮೂರರಷ್ಟೋ ಅನ್ನುವ ಪ್ರಶ್ನೆ. ಜಾಸ್ತಿ ಜನ ಎಡವುವುದು ಇಲ್ಲೇ. ಬಿತ್ತುವ ಯಂತ್ರದಲ್ಲಿ ಸಾಲುಗಳು ಸರಿಸಂಖ್ಯೆಯಲ್ಲಿದ್ದರೆ, ಅಂದರೆ ಎರಡು ಅಥವಾ ನಾಲ್ಕು, ಟ್ರ್ಯಾಕ್ಟರಿನ ನಡುಗೆರೆಯಲ್ಲಿ ಬೀಜ ಬೀಳುವುದಿಲ್ಲ. ಆಗ ಚಕ್ರದ ಅಂತರ ಸಾಲಿನ ಎರಡರಷ್ಟು ಇರಬೇಕು. ಮೂರು ಸಾಲಿನ ಯಂತ್ರವಾದರೆ ಒಂದು ಸಾಲು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ನಡುಮಧ್ಯ ಬೀಳುತ್ತದೆ. ಆಗ ಮೂರರಷ್ಟು ಬೇಕು. 60 ಸೆಂಟಿಮೀಟರ್ ಅಂತರದ ನಾಲ್ಕು ಸಾಲಿನ ಪ್ಲಾಂಟರ್ ತೆಗೆದುಕೊಳ್ಳಿ. ನಡುಗೆರೆಯಿಂದ ಆ ಕಡೆ 30 ಮತ್ತು 90, ಈ ಕಡೆಯೂ 30 ಮತ್ತು 90 ಸೆಂಟಿಮೀಟರಿಗೆ ಬೀಜ ಬೀಳುತ್ತದೆ. ಚಕ್ರ 120ಕ್ಕೆ ಇದ್ದರೆ ನಡುಗೆರೆಯಿಂದ 60ಕ್ಕೆ ಓಡುತ್ತದೆ, ಎರಡು ಸಾಲಿನ ಸರಿಯಾದ ನಡುವೆ. ಅದೇ 120ರ ಚಕ್ರಕ್ಕೆ ಮೂರು ಸಾಲಿನ ಯಂತ್ರ ಕಟ್ಟಿ. ಬೀಜ ನಡುವಿನಲ್ಲಿ ಒಂದು, ಆಚೆ ಈಚೆ 60ಕ್ಕೆ ಒಂದೊಂದು. ಚಕ್ರವೂ 60ಕ್ಕೇ! ಚಕ್ರ ತುಳಿದ ಗಟ್ಟಿ ಮಣ್ಣಿನಲ್ಲೇ ಬೀಜ.

ಸಾಲು ಬಿಡುವ ರಿಡ್ಜರಿಗೆ ಈ ಲೆಕ್ಕ ಉಲ್ಟಾ. ಪ್ಲಾಂಟರ್ ಗಿಡದ ಸಾಲು ಮಾಡುತ್ತದೆ, ಅಲ್ಲಿ ಚಕ್ರ ಹೋಗಬಾರದು. ರಿಡ್ಜರ್ ಕಾಲುವೆ ಮಾಡುತ್ತದೆ, ಚಕ್ರ ಅಲ್ಲೇ ಹೋಗಬೇಕು. ಮೂರು ರಿಡ್ಜರ್ ಕಟ್ಟಿದ್ದರೆ ಚಕ್ರದ ಅಂತರ ಸಾಲಿನ ಎರಡರಷ್ಟು. ಆಗ ಎರಡು ಚಕ್ರದ ಹಿಂದೆ ಒಂದೊಂದು ರಿಡ್ಜರ್, ನಡುವೆ ಒಂದು. ಚಕ್ರದ ಗುರುತನ್ನು ರಿಡ್ಜರೇ ಕೆದಕಿ ಎತ್ತುತ್ತದೆ. ಎರಡು ರಿಡ್ಜರ್ ಕಟ್ಟಿದ್ದರೆ ಚಕ್ರದ ಅಂತರ ಸಾಲಿನಷ್ಟೇ ಅಥವಾ ಮೂರರಷ್ಟು. 2 ಅಡಿ ಸಾಲಿಗೆ ಎರಡು ರಿಡ್ಜರ್ ಕಟ್ಟಿ ಚಕ್ರವನ್ನು 120ಕ್ಕೆ ಇಟ್ಟರೆ, ಹಿಂದಿನ ಸುತ್ತಿನಲ್ಲಿ ಚೆನ್ನಾಗಿ ಎತ್ತಿದ ದಿಂಡಿನ ಮೇಲೇ ಈ ಸುತ್ತಿನ ಒಂದು ಚಕ್ರ ಹತ್ತಿ ಅದನ್ನು ಚಪ್ಪಟೆ ಮಾಡುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿಗೆ ಮೂರು ಅಡಿ ಆಸುಪಾಸಿನ ದಿಂಡು ಎತ್ತುವವರಿಗೂ ಇದೇ ಮಾತು. ಮೂರು ರಿಡ್ಜರ್, ಚಕ್ರ 180ಕ್ಕೆ. ಎರಡು ರಿಡ್ಜರಿನಲ್ಲಿ ಅದು ಸರಿಹೋಗುವುದಿಲ್ಲ.

ಕಬ್ಬಿಗೆ ಈ ಲೆಕ್ಕ ಬಹಳ ಅನುಕೂಲವಾಗಿ ಬರುತ್ತದೆ. 5 ಅಡಿ ಸಾಲಿಗೆ ಎರಡು ರಿಡ್ಜರ್ ಕಟ್ಟಿದರೆ ಚಕ್ರವೂ 5 ಅಡಿಗೇ. 4 ಅಡಿ ಸಾಲಾದರೆ 4 ಅಡಿಗೆ. ಎರಡೂ ಅಳತೆ ಮಾಮೂಲಿ ಟ್ರ್ಯಾಕ್ಟರಿನಲ್ಲಿ ಸಿಗುವಂಥವು. ಕಬ್ಬು ಕಾಲುವೆಯೊಳಗೆ ಮೊಳೆತು ಬಂದ ಮೇಲೆ ಅದೇ ಟ್ರ್ಯಾಕ್ಟರ್ ಒಂದು ಸಾಲನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು, ಎರಡು ಚಕ್ರವನ್ನು ಆಚೆ ಈಚೆಯ ದಿಂಡಿನ ಮೇಲೆ ಇಟ್ಟುಕೊಂಡು ಹೋಗಬಹುದು. ಪೈರು ಟ್ರ್ಯಾಕ್ಟರಿನ ತಳ ಮುಟ್ಟುವವರೆಗೆ ಮಾತ್ರ. ಆಮೇಲೆ ಮಿನಿ ಟ್ರ್ಯಾಕ್ಟರ್ ಅಥವಾ ಪವರ್ ಟಿಲ್ಲರ್ ಕೆಲಸ. ಕಟಾವು ಯಂತ್ರ ತರಿಸುವ ಯೋಚನೆ ಇದ್ದರೆ ಹೇಗೂ 5 ಅಡಿ ಸಾಲು ಬೇಕು. ಮೂರು ಅಡಿಗೆ ಕಬ್ಬು ನೆಡುವ ಹಳೆಯ ರೂಢಿಯಲ್ಲಿ ದೊಡ್ಡ ಟ್ರ್ಯಾಕ್ಟರಿಗೆ ಸಾಲಿನೊಳಗೆ ಕೆಲಸವಿಲ್ಲ.

ಹಿಪ್ಪುನೇರಳೆ ಬೆಳೆಗಾರರಿಗೆ ಇನ್ನೊಂದು ಲೆಕ್ಕ. ಜೋಡಿ ಸಾಲಿನಲ್ಲಿ 3 ಅಡಿ ಬಿಟ್ಟು ಎರಡು ಸಾಲು, ಆಮೇಲೆ 5 ಅಡಿ ಓಣಿ. ಟ್ರ್ಯಾಕ್ಟರ್ ಪೂರ್ತಿ ಆ ಓಣಿಯೊಳಗೇ ಹೋಗಬೇಕು. ಇಲ್ಲಿ ನೋಡಬೇಕಾದ್ದು ನಡುಮಧ್ಯದ ಅಂತರವಲ್ಲ, ಹೊರಗಿನಿಂದ ಹೊರಗಿನ ಅಗಲ. ಅಂತರಕ್ಕೆ ಒಂದು ಟೈರಿನ ಅಗಲ ಸೇರಿಸಿದರೆ ಅದು ಬರುತ್ತದೆ. 150 ಸೆಂಟಿಮೀಟರ್ ಓಣಿಯಲ್ಲಿ 4 ಅಡಿಗಿಂತ ಅಗಲದ ಗಾಡಿ ನುಗ್ಗಿಸಿದರೆ ಕೊಂಬೆ ಮುರಿಯುತ್ತದೆ. ಮಿನಿ ಟ್ರ್ಯಾಕ್ಟರನ್ನು ಆದಷ್ಟು ಕಿರಿದಾಗಿ ಹೊಂದಿಸಿಕೊಳ್ಳಿ.

ಟೈರಿನ ಅಗಲವನ್ನೂ ಒಮ್ಮೆ ಲೆಕ್ಕಕ್ಕೆ ಹಿಡಿಯಿರಿ. ಪಕ್ಕದಲ್ಲಿ 13.6-28 ಅಂತ ಬರೆದಿದ್ದರೆ ಟೈರು ಸುಮಾರು 13.6 ಇಂಚು, ಅಂದರೆ 34.5 ಸೆಂಟಿಮೀಟರ್ ಅಗಲ. 60 ಸೆಂಟಿಮೀಟರ್ ಸಾಲಿನಲ್ಲಿ ಅದು ಓಡಿದರೆ ಆ ಪಕ್ಕ ಈ ಪಕ್ಕ ಸುಮಾರು 12-13 ಸೆಂಟಿಮೀಟರ್ ಉಳಿಯುತ್ತದೆ. 14.9-28 ಆದರೆ 11 ಅಷ್ಟೇ. ಗಿಡ ಚಿಕ್ಕದಿರುವಾಗ ಸಾಕು. ಆದರೆ ಸ್ಟೇರಿಂಗ್ ಸ್ವಲ್ಪ ಆಡಿದರೂ ಗಿಡಕ್ಕೆ ತಾಗುತ್ತದೆ. ಹಾಗಾಗಿ 2 ಅಡಿ ಸಾಲಿನಲ್ಲಿ ಎಡೆ ಹೊಡೆಯುವವನ ಕೈ ಪಳಗಿರಬೇಕು.

ಈಗ ಎಷ್ಟಿದೆ?

ಟೈರಿನ ನಡುಮಧ್ಯ ಹುಡುಕಲು ಹೋಗಬೇಡಿ, ಕಷ್ಟ. ಎಡ ಟೈರಿನ ಹೊರ ಅಂಚಿನಿಂದ ಬಲ ಟೈರಿನ ಒಳ ಅಂಚಿಗೆ ಅಳೆಯಿರಿ. ಅದೇ ಅಂತರ. ಟ್ರ್ಯಾಕ್ಟರನ್ನು ಮೆತ್ತನೆಯ ಮಣ್ಣಿನ ಮೇಲೆ ನಾಲ್ಕು ಮಾರು ನೆಟ್ಟಗೆ ಓಡಿಸಿ, ಬಿದ್ದ ಗುರುತಿನ ಮೇಲೆ ಟೇಪು ಹಿಡಿದರೆ ಇನ್ನೂ ಸಲೀಸು.

ಇದಾದ ಮೇಲೆ ಎರಡು ಚಕ್ರವೂ ನಡುಗೆರೆಯಿಂದ ಒಂದೇ ದೂರದಲ್ಲಿವೆಯೇ ನೋಡಿ. ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಪಿ.ಟಿ.ಓ. ಶಾಫ್ಟಿನ ನಡುವಿನಿಂದ ಒಂದು ತೂಕದ ಗುಂಡು ಇಳಿಬಿಟ್ಟು, ನೆಲದಲ್ಲಿ ಗುರುತು ಹಾಕಿ, ಅಲ್ಲಿಂದ ಎರಡೂ ಟೈರಿನ ಒಳ ಅಂಚಿಗೆ ಅಳೆಯಿರಿ. ಹಳೆ ಟ್ರ್ಯಾಕ್ಟರುಗಳಲ್ಲಿ ಎಡಕ್ಕೂ ಬಲಕ್ಕೂ ನಾಲ್ಕು ಇಂಚು ವ್ಯತ್ಯಾಸ ಸಿಗುವುದುಂಟು. ಯಾವಾಗಲೋ ಪಂಕ್ಚರ್ ಹಾಕಿದವರು ಡಿಸ್ಕನ್ನು ಇನ್ನೊಂದು ಮಗ್ಗುಲಿಗೆ ಕೂರಿಸಿಬಿಟ್ಟಿರುತ್ತಾರೆ.

ಚಕ್ರದ ಜೋಡಣೆ ಅರ್ಥ ಮಾಡಿಕೊಳ್ಳಿ

ಹಿಂದಿನ ಚಕ್ರದಲ್ಲಿ ಎರಡು ಭಾಗ. ನಡುವೆ ಡಿಸ್ಕು. ಅದು ಊಟದ ತಟ್ಟೆಯ ಹಾಗೆ ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು. ಅದು ಆಕ್ಸಲ್ಲಿನ ಹಬ್ಬಿಗೆ ದೊಡ್ಡ ನಟ್ಟುಗಳಿಂದ ಕೂತಿರುತ್ತದೆ. ಹೊರಗಿನ ಭಾಗ ರಿಮ್ಮು, ಅದರ ಮೇಲೆ ಟೈರು. ರಿಮ್ಮಿನ ಒಳಸುತ್ತಿನಲ್ಲಿ ಕಬ್ಬಿಣದ ಕಿವಿಗಳನ್ನು ಬೆಸುಗೆ ಹಾಕಿರುತ್ತಾರೆ. ಈ ಕಿವಿಗಳು ರಿಮ್ಮಿನ ಸರಿಯಾದ ನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತವೆ. ಗುಟ್ಟೆಲ್ಲ ಇದೇ.

ಡಿಸ್ಕಿನ ತಗ್ಗು ಒಳಗೆ ಮಾಡಬಹುದು, ಹೊರಗೆ ಮಾಡಬಹುದು. ಡಿಸ್ಕನ್ನು ಕಿವಿಯ ಒಳ ಮಗ್ಗುಲಿಗೆ ಕಟ್ಟಬಹುದು, ಹೊರ ಮಗ್ಗುಲಿಗೆ ಕಟ್ಟಬಹುದು. ರಿಮ್ಮನ್ನೇ ತಿರುಗಿಸಿ ಕಿವಿ ಒಳಗೆ ಬರುವ ಹಾಗೆ, ಹೊರಗೆ ಬರುವ ಹಾಗೆ ಮಾಡಬಹುದು. ಎರಡು, ಎರಡು, ಎರಡು: ಒಟ್ಟು ಎಂಟು ಜೋಡಣೆ. 28 ಇಂಚಿನ ರಿಮ್ಮಿನ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಇವು 48 ಇಂಚಿನಿಂದ ಶುರುವಾಗಿ 52, 56, 60, 64, 68, 72, 76 ಅಂತ ನಾಲ್ಕು ನಾಲ್ಕು ಇಂಚಿಗೆ ಏರುತ್ತವೆ. ಒಂದೊಂದು ಚಕ್ರ ಎರಡು ಇಂಚು ಹೊರಗೆ ಹೋದರೆ ಒಟ್ಟು ಅಂತರ ನಾಲ್ಕು ಇಂಚು ಹೆಚ್ಚುತ್ತದೆ ಅಲ್ವಾ, ಅದಕ್ಕೇ. ಕೆಲವು ಮಾಡೆಲ್‌ಗಳಲ್ಲಿ ಇಷ್ಟೂ ಸಿಗುವುದಿಲ್ಲ. ಟ್ರ್ಯಾಕ್ಟರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ಜೋಡಣೆಗೆ ಎಷ್ಟು ಅಂತರ ಅಂತ ಚಿತ್ರ ಇರುತ್ತದೆ. ಅದನ್ನು ಬೀರುವಿನಿಂದ ಹೊರಗೆ ತೆಗೆಯುವ ದಿನ ಇದೇ.

ಮೇಲಿನ ಲೆಕ್ಕಕ್ಕೆ ಇವನ್ನು ಹೊಂದಿಸಿ ನೋಡಿ. 48 ಇಂಚು ಅಂದರೆ 122 ಸೆಂಟಿಮೀಟರ್: 2 ಅಡಿ ಸಾಲಿಗೆ, 4 ಅಡಿ ಕಬ್ಬಿಗೆ. 52 ಇಂಚು ಅಂದರೆ 132: ಒಂದೂವರೆ ಅಡಿ ಸಾಲಿಗೆ. 60 ಇಂಚು ಅಂದರೆ 152: ಎರಡೂವರೆ ಅಡಿ ಸಾಲಿಗೆ, 5 ಅಡಿ ಕಬ್ಬಿಗೆ. 72 ಇಂಚು ಅಂದರೆ 183: 3 ಅಡಿ ಸಾಲಿಗೆ, ಇಲ್ಲವೇ 2 ಅಡಿಯ ಮೂರು ಸಾಲಿಗೆ. ಎರಡು ಮೂರು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಡಿ.

ಟೈರಿನ ದಿಕ್ಕು

ಬಿಚ್ಚುವ ಮುಂಚೆ ಇದನ್ನು ಮನಸ್ಸಿಗೆ ಹಾಕಿಕೊಳ್ಳಿ. ಟೈರಿನ ಗಡ್ಡೆಗಳಿಗೆ, ಅಂದರೆ ಮೇಲಿನ ಉಬ್ಬು ಪಟ್ಟಿಗಳಿಗೆ, ದಿಕ್ಕಿದೆ. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದಾಗ ಎರಡು ಕಡೆಯ ಗಡ್ಡೆಗಳು ಕೂಡುವ ಚೂಪು ತುದಿ ಮೇಲ್ಮುಖವಾಗಿ ಕಾಣಬೇಕು. ಟೈರಿನ ಪಕ್ಕದಲ್ಲಿ ಬಾಣದ ಗುರುತೂ ಇರುತ್ತದೆ. ಉಲ್ಟಾ ಹಾಕಿದರೆ ಗಡ್ಡೆಯ ನಡುವಿನ ಮಣ್ಣು ಹೊರಗೆ ಬೀಳುವುದಿಲ್ಲ, ಕೆಸರಿನಲ್ಲಿ ಹಿಡಿತ ಸಿಗುವುದಿಲ್ಲ. ನಾಲೆ ಬಯಲಿನ ಗದ್ದೆಯಲ್ಲಿ ಅದರ ಫಲ ಬೇಗ ಗೊತ್ತಾಗುತ್ತದೆ.

ಡಿಸ್ಕನ್ನು ಮಾತ್ರ ರಿಮ್ಮಿನಿಂದ ಬಿಚ್ಚಿ ಮಗ್ಗುಲು ಬದಲಿಸಿದರೆ ದಿಕ್ಕು ಕೆಡುವುದಿಲ್ಲ, ರಿಮ್ಮು ಅದೇ ಪಕ್ಕದಲ್ಲಿ ಹಾಗೇ ಇರುತ್ತದೆ. ರಿಮ್ಮನ್ನು ತಿರುಗಿಸಬೇಕಾದರೆ ಮಾತ್ರ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬೇಕು. ಚಕ್ರವನ್ನು ತಿರುಗಿಸದೆ ಇದ್ದ ಹಾಗೇ ಆ ಪಕ್ಕದಿಂದ ಈ ಪಕ್ಕಕ್ಕೆ ಸರಿಸಿದ ಹಾಗೆ: ಮುಂಚೆ ಹೊರಗೆ ಕಾಣುತ್ತಿದ್ದ ಮುಖ ಈಗ ಒಳಗೆ ಹೋಗುತ್ತದೆ. ಬೇಕಾದ ಅಂತರ ಇದರಿಂದಲೇ ಸಿಗುವುದಾದರೆ ರಿಮ್ಮಿನ ಬೋಲ್ಟು ಮುಟ್ಟುವ ಕೆಲಸವೇ ಇಲ್ಲ. ಪುಸ್ತಕದ ಚಿತ್ರದಲ್ಲಿ ಮೊದಲು ಅದನ್ನೇ ಹುಡುಕಿ.

ಬೇಕಾದ ಸಾಮಾನು

ಕನಿಷ್ಠ 5 ಟನ್ನಿನ ಜಾಕು, ಆಕ್ಸಲ್ ಕೆಳಗೆ ಇಡಲು ಗಟ್ಟಿ ಸ್ಟ್ಯಾಂಡು ಅಥವಾ ದಪ್ಪ ಮರದ ದಿಮ್ಮಿಗಳು, ಚಕ್ರಕ್ಕೆ ಅಡ್ಡ ಕೊಡಲು ಆರು ತುಂಡು ಮರ, ಸರಿಯಾದ ಅಳತೆಯ ಸಾಕೆಟ್ಟು, ಉದ್ದ ಹಿಡಿ, ಒಂದು ಮೀಟರ್ ಪೈಪು, ತಂತಿ ಬ್ರಷ್ಷು, ಹಾರೆ, ಸೀಮೆಸುಣ್ಣ, ಟೇಪು. ಜೊತೆಗೆ ಇಬ್ಬರು ಆಳು. ಒಬ್ಬರೇ ಮಾಡುವ ಕೆಲಸ ಇದಲ್ಲ. ಟೈರಿನಲ್ಲಿ ನೀರು ತುಂಬಿಸಿದ್ದರೆ ನೀರಿನ ತೂಕವೇ ನೂರೈವತ್ತು ಕೆಜಿಗೂ ಮೇಲೆ ಇರುತ್ತದೆ. ಅದನ್ನು ಖಾಲಿ ಮಾಡಿಕೊಂಡೇ ಕೈ ಹಾಕಿ. ಕಬ್ಬಿಣದ ತೂಕ ಕಟ್ಟಿದ್ದರೆ ಅದನ್ನೂ ಮೊದಲೇ ಇಳಿಸಿ.

ಹಿಂದಿನ ರಾತ್ರಿಯೇ ಎಲ್ಲ ನಟ್ಟು ಬೋಲ್ಟಿಗೆ ಬ್ರಷ್ಷು ಉಜ್ಜಿ ಡೀಸೆಲ್ಲೋ ತುಕ್ಕು ಬಿಡಿಸುವ ಎಣ್ಣೆಯೋ ಹಾಕಿಡಿ. ಗದ್ದೆಯಲ್ಲಿ ಓಡಾಡಿದ ಟ್ರ್ಯಾಕ್ಟರಿನ ರಿಮ್ಮಿನ ಬೋಲ್ಟು ನೋಡಿದ್ದೀರಲ್ಲ, ಕೆಸರು ಒಣಗಿ ಕಲ್ಲಾಗಿ ನಟ್ಟಿನ ಮೂಲೆಯೇ ಕಾಣುವುದಿಲ್ಲ. ಅದರ ಮೇಲೆ ಸಾಕೆಟ್ಟು ಅರ್ಧಂಬರ್ಧ ಕೂತರೆ ಮೂಲೆ ಸವೆಯುತ್ತದೆ, ಆಮೇಲೆ ಗ್ಯಾಸ್ ಕಟಿಂಗಿನವನನ್ನು ಕರೆಯಬೇಕು. ಟೈರಿರುವ ರಿಮ್ಮಿನ ಹತ್ತಿರ ಬೆಂಕಿ ತರುವುದಂತೂ ಬೇಡವೇ ಬೇಡ, ಒಳಗಿನ ಗಾಳಿ ಕಾದು ಟೈರು ಸಿಡಿಯಬಹುದು. ಚಿಕ್ಕ ಬ್ರಷ್ಷಿನ ಕೆಲಸ ಸೋಮಾರಿತನ ಮಾಡದೆ ಮಾಡಿ.

ಎತ್ತುವುದು

ಗಟ್ಟಿಯಾದ ಮಟ್ಟಸ ನೆಲ ಬೇಕು. ಕಣವೋ ಕಾಂಕ್ರೀಟ್ ಅಂಗಳವೋ ಆಗಬಹುದು, ಹೊಲದ ಬದು ಬೇಡ. ಹಿಂದೆ ಕಟ್ಟಿರುವ ಯಂತ್ರ ಬಿಚ್ಚಿ. ಇಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಹ್ಯಾಂಡ್‌ಬ್ರೇಕ್ ಹಾಕಿ.

ಗೇರಿನಲ್ಲಿ ಇಟ್ಟಿದ್ದೇನೆ, ಇನ್ನು ಎಲ್ಲಿ ಹೋಗುತ್ತದೆ ಅಂದುಕೊಳ್ಳಬೇಡಿ. ಒಂದು ಹಿಂದಿನ ಚಕ್ರ ಗಾಳಿಯಲ್ಲಿದ್ದರೆ ಎರಡು ಚಕ್ರವನ್ನು ಬೇರೆ ಬೇರೆ ವೇಗಕ್ಕೆ ತಿರುಗಲು ಬಿಡುವ ಡಿಫರೆನ್ಷಿಯಲ್ ದೆಸೆಯಿಂದ ಅದು ಸುಮ್ಮನೆ ತಿರುಗುತ್ತದೆ, ನೆಲದಲ್ಲಿರುವ ಚಕ್ರ ಉರುಳಿ ಟ್ರ್ಯಾಕ್ಟರ್ ಜಾಕಿನಿಂದ ಜಾರಬಹುದು. ಹಾಗಾಗಿ ಮುಂದಿನ ಎರಡು ಚಕ್ರಕ್ಕೂ, ನೆಲದಲ್ಲಿ ಉಳಿಯುವ ಹಿಂದಿನ ಚಕ್ರಕ್ಕೂ ಹಿಂದೆ ಮುಂದೆ ಮರ ಅಡ್ಡ ಕೊಡಲೇಬೇಕು.

ಮುಂದಿನ ಆಕ್ಸಲ್ ನಡುವೆ ಒಂದು ಪಿನ್ನಿನ ಮೇಲೆ ತೂಗುತ್ತದೆ. ಹಳ್ಳ ದಿಣ್ಣೆಯಲ್ಲಿ ಅದು ಒಳ್ಳೆಯದು, ಜಾಕು ಹಾಕಿದಾಗ ಕೆಟ್ಟದ್ದು. ಹಿಂಭಾಗ ಎತ್ತಿದ ಕೂಡಲೇ ಇಡೀ ಟ್ರ್ಯಾಕ್ಟರ್ ಪಕ್ಕಕ್ಕೆ ವಾಲಬಹುದು. ಆಕ್ಸಲ್ಲಿಗೂ ಮೇಲಿನ ಚೌಕಟ್ಟಿಗೂ ನಡುವೆ ಎರಡೂ ಪಕ್ಕ ಮರದ ಬೆಣೆ ಬಿಗಿಯಾಗಿ ಹೊಡೆಯಿರಿ. ಈ ಬೆಣೆ ಹಾಕುವವರು ನೂರಕ್ಕೆ ಒಬ್ಬರೂ ಸಿಗುವುದಿಲ್ಲ, ಅದೇ ನನ್ನ ತಕರಾರು.

ಚಕ್ರ ನೆಲದಲ್ಲಿರುವಾಗಲೇ ಹಬ್ಬಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಗಾಳಿಯಲ್ಲಿರುವ ಚಕ್ರದ ನಟ್ಟಿಗೆ ಪೈಪು ಹಾಕಿ ಜಗ್ಗಿದರೆ ಟ್ರ್ಯಾಕ್ಟರೇ ಅಲ್ಲಾಡುತ್ತದೆ. ರಿಮ್ಮಿನ ಬೋಲ್ಟು ಬಿಚ್ಚುವುದಿದ್ದರೆ ಅದನ್ನೂ ಈಗಲೇ ಸಡಿಲಿಸಿ.

ಜಾಕನ್ನು ಹಿಂದಿನ ಆಕ್ಸಲ್ಲಿನ ದಪ್ಪ ಕವಚದ ಕೆಳಗೆ, ಚಕ್ರಕ್ಕೆ ಹತ್ತಿರ ಇಡಿ. ಆಯಿಲ್ ಚೇಂಬರ್, ಲಿಫ್ಟಿನ ತೋಳು ಇವುಗಳ ಕೆಳಗೆ ಬೇಡ. ಟೈರು ನೆಲದಿಂದ ಎರಡು ಬೆರಳು ಮೇಲೆ ಬಂದರೆ ಸಾಕು. ಕೂಡಲೇ ಸ್ಟ್ಯಾಂಡು ಇಟ್ಟು ಅದರ ಮೇಲೆ ಭಾರ ಇಳಿಸಿ. ಇಟ್ಟಿಗೆ, ಸೈಜುಗಲ್ಲು ಪೇರಿಸಬೇಡಿ, ಇದ್ದಕ್ಕಿದ್ದ ಹಾಗೆ ಸೀಳುತ್ತವೆ. ಒಂದು ಪಕ್ಕ ಪೂರ್ತಿ ಮುಗಿಸಿ, ಇಳಿಸಿ, ಆಮೇಲೆ ಇನ್ನೊಂದು ಪಕ್ಕ. ಎರಡು ಚಕ್ರ ಅದಲು ಬದಲು ಮಾಡಬೇಕಾದಾಗ ಮಾತ್ರ ಎರಡೂ ಕಡೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕಾಗುತ್ತದೆ. ಆಗ ಹಿಂದಿನ ಬ್ರೇಕು ಏನೂ ಕೆಲಸಕ್ಕೆ ಬರುವುದಿಲ್ಲ, ಎಲ್ಲವೂ ಮುಂದಿನ ಚಕ್ರಕ್ಕೆ ಕೊಟ್ಟ ಮರದ ಮೇಲೆ ನಿಂತಿರುತ್ತದೆ.

ಬದಲಿಸುವುದು

ಹಬ್ಬಿನ ನಟ್ಟು ತೆಗೆಯುವಾಗ ಮೇಲಿನ ಒಂದನ್ನು ಕೊನೆಗೆ ಬಿಡಿ, ಚಕ್ರ ಅದರ ಮೇಲೆ ತೂಗಿಕೊಂಡಿರುತ್ತದೆ. ಟೈರಿನ ಕೆಳಗೆ ಗ್ರೀಸು ಸವರಿದ ಹಲಗೆ ಇಟ್ಟರೆ ಚಕ್ರವನ್ನು ಎತ್ತದೆ ಹೊರಗೆ ಜಾರಿಸಬಹುದು. ಅದೇ ಹಲಗೆಯ ಮೇಲೆ ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸಿ ಮತ್ತೆ ತೂತುಗಳನ್ನು ಸರಿಹೊಂದಿಸುವುದೂ ಸುಲಭ. ಚಕ್ರ ನಿಂತಿರುವಾಗ ಒಬ್ಬರು ಹಿಡಿದೇ ಇರಬೇಕು. ಬೀಳುವ ಚಕ್ರವನ್ನು ಕೈಯಲ್ಲಿ ತಡೆಯಲು ಯಾರೂ ಹೋಗಬಾರದು, ಓಡಿ ದೂರ ಹೋಗಬೇಕು.

ಚಕ್ರವನ್ನು ನೆಲದ ಮೇಲೆ ಮಲಗಿಸಿ ಡಿಸ್ಕು ಬಿಚ್ಚಿ. ಟೈರಿನ ಗಾಳಿ ತೆಗೆಯುವ ಅಗತ್ಯವಿಲ್ಲ. ಹಳೆಯ ಜಾಗ ಗೊತ್ತಾಗಲಿ ಅಂತ ಡಿಸ್ಕಿಗೂ ರಿಮ್ಮಿಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ. ಡಿಸ್ಕು ಕೂರುವ ಕಿವಿಯ ಮುಖ, ಹಬ್ಬಿನ ಮುಖ ಎರಡನ್ನೂ ಬ್ರಷ್ಷಿನಲ್ಲಿ ಉಜ್ಜಿ. ಒಂದು ಒಣ ಕೆಸರಿನ ಚಕ್ಕೆ ನಡುವೆ ಸಿಕ್ಕಿಕೊಂಡರೂ ಇವತ್ತು ಬಿಗಿಯಾಗಿ ಕೂತ ಬೋಲ್ಟು ನಾಳೆ ಆ ಚಕ್ಕೆ ಪುಡಿಯಾದ ಮೇಲೆ ಸಡಿಲವಾಗುತ್ತದೆ. ಆ ಮುಖಗಳಿಗೆ ಪೇಂಟು ಬಳಿಯಬೇಡಿ, ಕಾರಣ ಅದೇ.

ಕಿವಿಯ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಅಲ್ಲೇ ನಿಲ್ಲಿಸಿ. ಅದು ಹೊಸ ರಿಮ್ಮಿನ ಕೆಲಸ. ಮೂಲೆ ಸವೆದ ಬೋಲ್ಟು, ಚಪ್ಪಟೆಯಾದ ಸ್ಪ್ರಿಂಗ್ ವಾಷರ್ ಎಲ್ಲ ಬದಲಿಸಿ. ಇದೇನೂ ದುಬಾರಿ ಸಾಮಾನಲ್ಲ.

ಹೊಸ ಜೋಡಣೆಯಲ್ಲಿ ಎಲ್ಲ ಬೋಲ್ಟನ್ನೂ ಕೈಯಲ್ಲೇ ಪೂರ್ತಿ ಓಡಿಸಿ. ಯಾವುದಾದರೂ ಕೈಯಲ್ಲಿ ಓಡದಿದ್ದರೆ ಡಿಸ್ಕು ಸರಿಯಾಗಿ ಕೂತಿಲ್ಲ ಅಂತ ಅರ್ಥ. ಆಮೇಲೆ ಎದುರುಬದುರಾಗಿ ಬಿಗಿಸಿ: ಮೇಲಿನದು, ಕೆಳಗಿನದು, ಎಡದ್ದು, ಬಲದ್ದು. ಕೊನೆಯ ಬಿಗಿತ ಚಕ್ರ ನೆಲಕ್ಕೆ ಇಳಿದ ಮೇಲೆ. ಎಷ್ಟು ಬಿಗಿ ಅಂತ ಪುಸ್ತಕದಲ್ಲಿ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಟಾರ್ಕ್ ವ್ರೆಂಚ್ ಇಲ್ಲದವರಿಗೆ ಒಂದು ಅಂದಾಜು: ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 25 ಕೆಜಿ ಭಾರ ಬಿದ್ದರೆ ಸುಮಾರು 245 ನ್ಯೂಟನ್ ಮೀಟರ್. ಪುಸ್ತಕದ ಅಂಕಿಗೆ ತಕ್ಕ ಹಾಗೆ ಬಲ ಹಾಕಿ. ಪೈಪಿನ ಮೇಲೆ ಹತ್ತಿ ಕುಣಿದರೆ ಬೋಲ್ಟು ಎಳೆದುಕೊಂಡು ಕೆಡುತ್ತದೆ.

ಮತ್ತೆ ಮೊದಲಿನ ಹಾಗೇ ಅಳೆಯಿರಿ, ನಡುಗೆರೆಯಿಂದ ಎರಡೂ ಕಡೆ. ಅರ್ಧ ಗಂಟೆ ಓಡಿಸಿ ಬಂದು ಎಲ್ಲ ನಟ್ಟು ಮತ್ತೆ ಬಿಗಿಸಿ. ಮುಂದಿನ ಕೆಲವು ದಿನ ಬೆಳಿಗ್ಗೆ ಡೀಸೆಲ್ ನೋಡುವಾಗ ಸ್ಪ್ಯಾನರನ್ನೂ ಒಮ್ಮೆ ಆಡಿಸಿ, ಯಾವುದೂ ಜರುಗುವುದಿಲ್ಲ ಅನ್ನುವವರೆಗೆ.

ಕಿರಿದು ಮಾಡಿದಾಗ, ಅಗಲ ಮಾಡಿದಾಗ

ಕಿರಿದು ಮಾಡಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆಯೇ, ಲಿಫ್ಟಿನ ಕೆಳತೋಳು ಮತ್ತು ಅದರ ಚೈನು ಟೈರಿಗೆ ತಾಗುತ್ತವೆಯೇ ನೋಡಿ. ಯಂತ್ರ ಕಟ್ಟಿ, ಪೂರ್ತಿ ಎತ್ತಿ, ಪಕ್ಕಕ್ಕೆ ಜಗ್ಗಿ ನೋಡಿದರೆ ಗೊತ್ತಾಗುತ್ತದೆ. 48 ಇಂಚಿನ ಟ್ರ್ಯಾಕ್ಟರ್ ಮಟ್ಟಸ ನಾಲೆ ಬಯಲಿಗೆ ಸರಿ. ನಾಗಮಂಗಲ, ಎಚ್.ಡಿ. ಕೋಟೆ ಕಡೆಯ ಇಳಿಜಾರು ಹೊಲಕ್ಕೆ ನಾನು ಒಪ್ಪುವುದಿಲ್ಲ. ಎತ್ತರದ ಬದು ಓರೆಯಾಗಿ ದಾಟುವಾಗ ಮಗುಚುವ ಅಪಾಯ ಜಾಸ್ತಿ. ಅಂಥ ಕಡೆ 2 ಅಡಿ ಸಾಲಿಗೂ ಮೂರು ಸಾಲಿನ ಯಂತ್ರ ಕಟ್ಟಿ 72 ಇಂಚಿಗೆ ಇಟ್ಟುಕೊಳ್ಳುವುದೇ ಮೇಲು.

ಅಗಲ ಮಾಡಿದರೆ ಆಕ್ಸಲ್ ಬೇರಿಂಗಿನ ಮೇಲೆ ಭಾರ ಹೆಚ್ಚು. ಪೂರ್ತಿ ಅಗಲಕ್ಕೆ ಇಟ್ಟುಕೊಂಡು ಕಬ್ಬಿನ ಟ್ರೇಲರ್ ಎಳೆಯುವುದು ಬೇಡ. ನಾಲೆ ಏರಿಯ ಮೇಲಿನ ದಾರಿಯಲ್ಲಿ ಚಕ್ರ ಎಲ್ಲಿದೆ ಅನ್ನುವ ಅಂದಾಜೂ ಡ್ರೈವರಿಗೆ ಹೊಸದಾಗಿರುತ್ತದೆ, ಒಂದು ಮಾತು ಹೇಳಿರಿ.

ಮಣ್ಣು ಪುಡಿ ಮಾಡುವ ರೋಟವೇಟರ್ ಮರೆಯಬೇಡಿ. 60 ಇಂಚಿಗೆ ಇಟ್ಟ 13.6 ಟೈರಿನ ಟ್ರ್ಯಾಕ್ಟರ್ ಹೊರಗಿನಿಂದ ಹೊರಗೆ ಸುಮಾರು 187 ಸೆಂಟಿಮೀಟರ್, ಅಂದರೆ ಆರಡಿಗೂ ಸ್ವಲ್ಪ ಜಾಸ್ತಿ. ಅದಕ್ಕೆ 5 ಅಡಿ ರೋಟವೇಟರ್ ಕಟ್ಟಿದರೆ ಎರಡು ಪಕ್ಕದಲ್ಲೂ ಚಕ್ರದ ಗಟ್ಟಿ ಗುರುತು ಹಾಗೇ ಉಳಿಯುತ್ತದೆ. ಮಣ್ಣು ಹದ ಮಾಡುವ ಕೆಲಸ ಮುಗಿಸಿಕೊಂಡೇ ಚಕ್ರ ಅಗಲ ಮಾಡಿ. ಗದ್ದೆಗೆ ಕಟ್ಟುವ ಕಬ್ಬಿಣದ ಪಂಜರದಂಥ ಕೇಜ್ ವೀಲೂ ಅಷ್ಟೇ. ಡಿಸ್ಕು ತಿರುಗಿಸಿದ ಮೇಲೆ ಅದು ಹಳೆಯ ಹಾಗೆ ಕೂರುತ್ತದೆಯೇ ಅಂತ ಗದ್ದೆಗೆ ನೀರು ಕಟ್ಟುವ ಮುಂಚೆಯೇ ಒಮ್ಮೆ ಕಟ್ಟಿ ನೋಡಿ.

ಮುಂದಿನ ಚಕ್ರ

ಹಿಂದಿನದು ಬದಲಾದರೆ ಮುಂದಿನದೂ ಅದರ ಜಾಡಿನಲ್ಲೇ ಓಡಬೇಕು. ಇಲ್ಲದಿದ್ದರೆ ಹಿಂದಿನ ಚಕ್ರ ಉಳಿಸಿದ ಗಿಡವನ್ನು ಮುಂದಿನದು ತುಳಿಯುತ್ತದೆ. ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಒಂದರೊಳಗೊಂದು ಸರಿಯುವ ಕೊಳವೆ ಅಥವಾ ಪಟ್ಟಿ. ತೂತುಗಳಿರುತ್ತವೆ, ಬೋಲ್ಟು ತೆಗೆದು ಎರಡೂ ಪಕ್ಕ ಒಂದೇ ಸಮ ಸರಿಸಿ. ಜೊತೆಗೆ ಮುಂದಿನ ಎರಡು ಚಕ್ರವನ್ನು ಜೋಡಿಸುವ ಸ್ಟೇರಿಂಗಿನ ಟೈ ರಾಡನ್ನೂ ಅಷ್ಟೇ ಉದ್ದ ಮಾಡಬೇಕು. ಆಮೇಲೆ ಹಬ್ಬಿನ ಎತ್ತರದಲ್ಲಿ ಎರಡು ಟೈರಿನ ನಡುವೆ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಮುಂದಿನ ಅಳತೆ ಪುಸ್ತಕದಲ್ಲಿ ಹೇಳಿದ ಕೆಲವೇ ಮಿಲಿಮೀಟರಿನಷ್ಟು ಕಡಿಮೆ ಇರಬೇಕು. ಇದು ತಪ್ಪಿದರೆ ಟೈರು ಒಂದೇ ಅಂಚಿನಲ್ಲಿ ತಿಂದುಹೋಗುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನದೂ ರಿಮ್ಮು, ಡಿಸ್ಕು ತಿರುಗಿಸುವ ಲೆಕ್ಕವೇ. ಪುಸ್ತಕದಲ್ಲಿ ಇಲ್ಲದ ಜೋಡಣೆ ಮಾಡಲು ಹೋಗಬೇಡಿ.

ಹೊಲದಲ್ಲಿ ಪರೀಕ್ಷೆ

ಪೆಟ್ಟಿಗೆಗೆ ಬೀಜ ಸುರಿಯದೆ ಯಂತ್ರ ಇಳಿಸಿ ಮೂವತ್ತು ಅಡಿ ಹೋಗಿ. ಇಳಿದು ನೋಡಿ. ಬೀಜ ಬೀಳಬೇಕಾದ ಗೆರೆ ಎಲ್ಲಿದೆ, ಚಕ್ರದ ಗುರುತು ಎಲ್ಲಿದೆ, ಎರಡು ಕಡೆಯೂ ಟೇಪು ಹಿಡಿಯಿರಿ. ಗೆರೆ ಒಂದು ಪಕ್ಕಕ್ಕೆ ವಾಲಿದ್ದರೆ ಚಕ್ರದ ತಪ್ಪಲ್ಲ, ಕೆಳತೋಳಿನ ಚೈನು ಒಂದು ಕಡೆ ಉದ್ದವಾಗಿದೆ. ಅದನ್ನು ಸರಿಮಾಡಿ.

ಮುಂದಿನ ಸುತ್ತಿಗೆ ದಾರಿ ತೋರುವ ಮಾರ್ಕರ್ ತೋಳಿನ ಅಳತೆಯೂ ಈಗಲೇ ಗೊತ್ತುಮಾಡಿ. ಒಂದು ಸುತ್ತಿನಲ್ಲಿ ಬಿತ್ತುವ ಪೂರ್ತಿ ಅಗಲದಿಂದ ಮುಂದಿನ ಚಕ್ರದ ಅಂತರದ ಅರ್ಧ ಕಳೆಯಿರಿ. ನಾಲ್ಕು ಸಾಲು, 60 ಸೆಂಟಿಮೀಟರ್ ಅಂದರೆ ಅಗಲ 240. ಚಕ್ರದ ಅಂತರ 120ರ ಅರ್ಧ 60. ಉಳಿದದ್ದು 180. ಟ್ರ್ಯಾಕ್ಟರಿನ ನಡುಗೆರೆಯಿಂದ 180 ಸೆಂಟಿಮೀಟರಿಗೆ ಮಾರ್ಕರ್ ಗೆರೆ ಎಳೆಯಬೇಕು. ವಾಪಸ್ಸು ಬರುವಾಗ ಬಿತ್ತಿದ ಕಡೆಯ ಮುಂದಿನ ಚಕ್ರ ಆ ಗೆರೆಯ ಮೇಲೆ ಓಡಿದರೆ ಸಾಲು ತಪ್ಪುವುದಿಲ್ಲ.

ಬಾಡಿಗೆ ಟ್ರ್ಯಾಕ್ಟರ್ ಆದರೆ?

ಅರ್ಧ ಎಕರೆ, ಒಂದು ಎಕರೆ ಇರುವವರಿಗಾಗಿ ಬಾಡಿಗೆ ಟ್ರ್ಯಾಕ್ಟರಿನವನು ಚಕ್ರ ಬಿಚ್ಚುವುದಿಲ್ಲ. ಅವನದೂ ತಪ್ಪಲ್ಲ. ಆಗ ಲೆಕ್ಕವನ್ನು ತಿರುಗಿಸಿ. ಅವನ ಚಕ್ರದ ಅಂತರ ಅಳೆದು ಅದರ ಅರ್ಧವನ್ನು ನಿಮ್ಮ ಸಾಲಿನ ಅಂತರ ಮಾಡಿಕೊಳ್ಳಿ. 56 ಇಂಚಿಗೆ ಇದ್ದರೆ ಅರ್ಧ 71 ಸೆಂಟಿಮೀಟರ್. ಮುಸುಕಿನ ಜೋಳವನ್ನು 60ರ ಬದಲು 71ಕ್ಕೆ ಸಾಲು ಹಾಕಿ, ಸಾಲಿನೊಳಗೆ ಗಿಡದಿಂದ ಗಿಡಕ್ಕೆ 30ರ ಬದಲು 25 ಬಿಡಿ. 60ಕ್ಕೆ 30ರಲ್ಲಿ ಎಕರೆಗೆ ಸುಮಾರು 22,500 ಗಿಡ, 71ಕ್ಕೆ 25ರಲ್ಲಿ ಸುಮಾರು 22,800. ಗಿಡದ ಲೆಕ್ಕ ತಪ್ಪಲಿಲ್ಲ, ಚಕ್ರಕ್ಕೂ ಜಾಗ ಸಿಕ್ಕಿತು. ಆದರೆ ಎಡೆ ಹೊಡೆಯಲು ಬರುವ ಟ್ರ್ಯಾಕ್ಟರೂ ಅದೇ ಅಂತರದ್ದೇ ಆಗಿರಬೇಕು, ಬಿತ್ತುವ ದಿನವೇ ಅವನ ಹತ್ತಿರ ಮಾತಾಡಿಕೊಳ್ಳಿ. ಬೇರೆ ಬೆಳೆಗೆ ಹೀಗೆ ಸಾಲು ಹಿಗ್ಗಿಸಬಹುದೇ ಅನ್ನುವ ಅನುಮಾನ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲೋ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ.

ಸ್ವಂತ ಟ್ರ್ಯಾಕ್ಟರ್ ಇದ್ದವರು ಹೊಂದಿಸಿದ ಅಂತರವನ್ನೂ ತಾರೀಖನ್ನೂ ಮಡ್‌ಗಾರ್ಡಿನ ಒಳಬದಿಗೆ ಪೇಂಟಿನಲ್ಲಿ ಬರೆದಿಡಿ. ಯಾರೇ ಓಡಿಸಲಿ, ಯಾರೇ ಪಂಕ್ಚರ್ ಹಾಕಲಿ, ಡಿಸ್ಕು ಯಾವ ಮಗ್ಗುಲಿಗೆ ಕೂರಬೇಕು ಅಂತ ಕೇಳಿಕೊಂಡು ನಿಮ್ಮ ಹತ್ತಿರ ಬರಬೇಕಾಗಿಲ್ಲ.